ಶಾಲಾ ಮಕ್ಕಳ ಬೊಜ್ಜು: ಕಾರಣ ಏನು, ಹೊಣೆ ಯಾರದು?

ಪ್ರಶ್ನೆ: ಪಾಲಕರ_ಸಮಿತಿ_ದಾವಣಗೆರೆ

1ರಿಂದ 7ನೇ ತರಗತಿವರೆಗಿನ ಖಾಸಗಿ ಶಾಲೆ. ಆರೋಗ್ಯ ತಪಾಸಣೆಯಲ್ಲಿ ತೂಕ ಮೀರಿದ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ ಅಂತ ವರದಿ ಬಂದಿದೆ. ಡಬ್ಬಿಯಲ್ಲಿ ಬರೋದೇ ಕ್ರೀಮ್ ಬಿಸ್ಕತ್ತು, ಚಿಪ್ಸು, ಇದಕ್ಕೆ ಮನೆಯವರೇ ಹೊಣೆ ಅಂತ ಶಾಲೆಯವರು ಹೇಳ್ತಾರೆ. ಗೇಟಿನ ಎದುರೇ ಮೂರು ಅಂಗಡಿ, ಆಟದ ಪೀರಿಯಡ್ಡಿಗೆ ಗಣಿತ ತಗೋತೀರಿ, ಇದು ಶಾಲೆಯ ತಪ್ಪು ಅಂತ ಪಾಲಕರು ಹೇಳ್ತಾರೆ. ಇನ್ನು ಕೆಲವರಿಗೆ ಇದು ಬೊಜ್ಜೇ ಅಲ್ಲ, ಬೆಳೆಯೋ ಮಕ್ಕಳು ಸ್ವಲ್ಪ ದಪ್ಪ ಇರ್ತಾರೆ, ತಾನಾಗಿ ಇಳಿಯುತ್ತೆ ಅನ್ನೋ ನಂಬಿಕೆ.

ಮುಂದಿನ ಸಭೆಗೆ ಮೊದಲು ಮೂರು ವಿಷಯ ಖಚಿತವಾಗಿ ಗೊತ್ತಾಗಬೇಕು. ಬೊಜ್ಜು ಇದೆಯೋ ಇಲ್ಲವೋ ಅಂತ ಸರಿಯಾಗಿ ಗುರುತಿಸೋದು ಹೇಗೆ? ನಿಜವಾದ ಕಾರಣಗಳು ಯಾವುವು? ಯಾರು ಏನನ್ನು ಬದಲಾಯಿಸಬೇಕು? ಉಪದೇಶಕ್ಕಿಂತ ಲೆಕ್ಕ ಮತ್ತು ಕ್ರಮ ತಿಳಿಸಿದರೆ ಉಪಕಾರ.

ಉತ್ತರ 1: ಮಕ್ಕಳ_ತಜ್ಞ

ಮೊದಲು ಅಳತೆ ಸರಿಯಿರಲಿ. ಶಾಲಾ ತಪಾಸಣೆಗಳಲ್ಲಿ ಹೆಚ್ಚಿನ ತಪ್ಪು ನಡೆಯೋದು ಎತ್ತರ ಅಳೆಯುವಾಗ. ಶೂ ತೆಗೆಸಿ, ಹಿಮ್ಮಡಿ, ಪೃಷ್ಠ, ಭುಜ, ತಲೆಯ ಹಿಂಭಾಗ ಗೋಡೆಗೆ ತಾಗುವಂತೆ ನಿಲ್ಲಿಸಿ, ನೆತ್ತಿಯ ಮೇಲೆ ಚಪ್ಪಟೆ ಹಲಗೆ ಇಟ್ಟು ಅಳೆಯಬೇಕು. ಜಡೆ, ರಬ್ಬರ್ ಬ್ಯಾಂಡ್ ಸಡಿಲಿಸಬೇಕು. ತೂಕಕ್ಕೆ ಸ್ವೆಟರ್, ಬೆಲ್ಟ್, ಬ್ಯಾಗು ಇಲ್ಲದೆ ಸಮವಸ್ತ್ರ ಮಾತ್ರ ಇರಲಿ. ಎತ್ತರದಲ್ಲಿ 2 ಸೆಂ.ಮೀ. ತಪ್ಪಿದರೂ ಲೆಕ್ಕ ಬದಲಾಗುತ್ತೆ. 9 ವರ್ಷದ, 40 ಕೆ.ಜಿ. ಹುಡುಗ 132 ಸೆಂ.ಮೀ. ಇದ್ದರೆ ಬಿಎಂಐ 23.0, ಅವನನ್ನೇ 130 ಅಂತ ಬರೆದರೆ 23.7.

ಬಿಎಂಐ ಅಂದರೆ ಕೆ.ಜಿ.ಯಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದಿಂದ ಎರಡು ಬಾರಿ ಭಾಗಿಸಿದಾಗ ಬರುವ ಸಂಖ್ಯೆ. ದೊಡ್ಡವರಿಗೆ ಬಳಸುವ 23, 25, 30 ಎಂಬ ಗೆರೆಗಳನ್ನು ಮಕ್ಕಳಿಗೆ ನೇರವಾಗಿ ಹಚ್ಚಬಾರದು. ಮಕ್ಕಳಿಗೆ ವಯಸ್ಸು ಮತ್ತು ಲಿಂಗದ ಪ್ರಕಾರ ಪ್ರತ್ಯೇಕ ರೇಖಾಪಟ ಇದೆ. 5 ವರ್ಷದೊಳಗೆ ವಿಶ್ವ ಆರೋಗ್ಯ ಸಂಸ್ಥೆಯ ಪಟ, 5ರಿಂದ 18ಕ್ಕೆ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ 2015ರ ಪಟ. ಭಾರತದ ಪಟದಲ್ಲಿ ದೊಡ್ಡವರ 23 ಮತ್ತು 27ಕ್ಕೆ ಸಮನಾದ ಎರಡು ಗೆರೆ ಎಳೆದಿದ್ದಾರೆ. ಮೊದಲನೆಯದು ದಾಟಿದರೆ ಅಧಿಕ ತೂಕ, ಎರಡನೆಯದು ದಾಟಿದರೆ ಬೊಜ್ಜು. ವಿಶ್ವ ಆರೋಗ್ಯ ಸಂಸ್ಥೆಯ ಪಟದ ಪ್ರಕಾರ 9 ವರ್ಷದ ಹುಡುಗನಿಗೆ ಮಧ್ಯದ ಬಿಎಂಐ 16ರ ಆಸುಪಾಸು, ಅಧಿಕ ತೂಕದ ಗೆರೆ ಸುಮಾರು 17.9, ಬೊಜ್ಜಿನ ಗೆರೆ ಸುಮಾರು 20.5. ಹಾಗಾಗಿ 9 ವರ್ಷಕ್ಕೆ 23 ಅನ್ನೋದು ಗೆರೆ ಮೀರಿ ಬಹಳ ಮುಂದೆ ಹೋಗಿದೆ. ದೊಡ್ಡವರ ಕೋಷ್ಟಕ ನೋಡಿದವರಿಗೆ ಇದೇ 23 "ಪರವಾಗಿಲ್ಲ" ಅನಿಸಿಬಿಡುತ್ತೆ. ಪಟ ಕೈಗೆ ಸಿಗದಿದ್ದರೆ ಸೊಂಟದ ಸುತ್ತಳತೆ ನೋಡಿ. ಅದು ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು.

"ತಾನಾಗಿ ಇಳಿಯುತ್ತೆ" ಅನ್ನೋ ಮಾತಿಗೆ ಬರ್ತೀನಿ. ಮಗುವಿನ ಬಿಎಂಐ 1 ವರ್ಷದ ಹೊತ್ತಿಗೆ ಹೆಚ್ಚಿದ್ದು, ಆಮೇಲೆ ಇಳಿಯುತ್ತಾ ಬಂದು, 5–6 ವರ್ಷಕ್ಕೆ ತಳ ಮುಟ್ಟಿ, ಮತ್ತೆ ಏರುತ್ತೆ. ಇಳಿಯಬೇಕಾದ ಆ ವಯಸ್ಸಿನಲ್ಲೇ, ಅಂದರೆ 3–4 ವರ್ಷಕ್ಕೇ ಏರಲು ಶುರುವಾದರೆ ಅದು ಎಚ್ಚರಿಕೆ. ದುರದೃಷ್ಟಕ್ಕೆ ಆ ವಯಸ್ಸಿನಲ್ಲೇ ಮನೆಯಲ್ಲಿ "ಮಗು ಸೊರಗಿದೆ" ಎಂಬ ಆತಂಕ. ಮಗು ಸಹಜವಾಗಿ ತೆಳ್ಳಗಾಗುವ ಕಾಲ ಅದು. ಮೊಬೈಲು ತೋರಿಸಿ ತುತ್ತು ತುರುಕೋದು, ಹಾಲಿನ ಬಾಟಲಿ 3 ವರ್ಷದವರೆಗೂ ಮುಂದುವರಿಸೋದು ಎಲ್ಲಾ ಆಗಲೇ ನಡೆಯೋದು.

ಕಾರಣ ಇನ್ನೂ ಹಿಂದಿನಿಂದ ಶುರುವಾಗುತ್ತೆ. ನಮ್ಮ ಮಕ್ಕಳು ಹುಟ್ಟುವಾಗ ತೂಕದಲ್ಲಿ ಸಣ್ಣವರಾದರೂ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು. ಪುಣೆಯಲ್ಲಿ ಮಧುಮೇಹ ಸಂಶೋಧಕ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಇದನ್ನು ವಿವರವಾಗಿ ದಾಖಲಿಸಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರ ಗರ್ಭಿಣಿಯರಿಂದ ಶುರುವಾದ ಪಾರ್ಥೆನಾನ್ ಅಧ್ಯಯನ ನಮ್ಮ ನೆಲದ್ದೇ ಸಾಕ್ಷಿ. ಗರ್ಭಾವಸ್ಥೆಯಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ 5 ವರ್ಷದ ಹೊತ್ತಿಗೇ ಕೊಬ್ಬಿನ ಶೇಖರಣೆ ಹೆಚ್ಚಿತ್ತು. ಅದಕ್ಕೇ ಗರ್ಭಿಣಿಯರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ 2 ಗಂಟೆಯ ನಂತರ ರಕ್ತ ನೋಡುವ ಪರೀಕ್ಷೆ ತಪ್ಪಿಸಬಾರದು. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಚಿಕಿತ್ಸೆ ಬೇಕು. ಮಗುವಿನ ಬೊಜ್ಜಿಗೆ ಇದೂ ಒಂದು ಮದ್ದು ಅಂತ ಯಾರೂ ಯೋಚಿಸೋದಿಲ್ಲ.

ವಂಶವಾಹಿಯ ಪಾತ್ರ ದೊಡ್ಡದೇ. ಆದರೆ ಎರಡು ಮೂರು ದಶಕಗಳಲ್ಲಿ ಒಂದು ಜನಾಂಗದ ವಂಶವಾಹಿ ಬದಲಾಗೋದಿಲ್ಲ. ಬದಲಾಗಿರೋದು ಸುತ್ತಲಿನ ಆಹಾರ, ನಿದ್ದೆ, ಓಡಾಟ. "ಥೈರಾಯ್ಡ್ ಇರಬಹುದು" ಅಂತ ಪಾಲಕರು ಮೊದಲು ಕೇಳೋದು ಸಹಜ. ಗುರುತು ಸುಲಭ: ತಿಂದು ದಪ್ಪಗಾದ ಮಗು ಸಾಮಾನ್ಯವಾಗಿ ವಯಸ್ಸಿಗಿಂತ ಎತ್ತರವೂ ಇರುತ್ತೆ. ದಪ್ಪಗಿದ್ದು ಕುಳ್ಳಗಿದ್ದರೆ, ಎತ್ತರ ಬೆಳೆಯೋದು ನಿಂತಿದ್ದರೆ ಹಾರ್ಮೋನ್ ಪರೀಕ್ಷೆ ಬೇಕೇ ಬೇಕು. 5 ವರ್ಷಕ್ಕೆ ಮುಂಚೆಯೇ ತಡೆಯಲಾರದ ಹಸಿವಿನ ಜೊತೆ ತೀವ್ರ ಬೊಜ್ಜು, ಕಲಿಕೆ ಹಿಂದುಳಿದಿರೋದು, ಕೈಕಾಲಲ್ಲಿ ಹೆಚ್ಚುವರಿ ಬೆರಳು ಇವು ಅಪರೂಪದ ಆನುವಂಶಿಕ ಕಾಯಿಲೆಯ ಸುಳಿವು. ಸ್ಟೀರಾಯ್ಡ್, ಮೂರ್ಛೆರೋಗದ ವಾಲ್ಪ್ರೋಯೇಟ್‌ನಂಥ ಔಷಧಿ ತಗೋತಿದ್ದರೆ ವೈದ್ಯರಿಗೆ ಹೇಳಿ, ಸ್ವಂತವಾಗಿ ನಿಲ್ಲಿಸಬೇಡಿ.

ಕತ್ತಿನ ಹಿಂದೆ, ಕಂಕುಳಲ್ಲಿ ಕಪ್ಪಗೆ, ದಪ್ಪಗೆ, ಮಖಮಲ್ಲಿನ ಹಾಗೆ ಆಗಿರುವ ಚರ್ಮವನ್ನು ಕೊಳೆ ಅಂತ ಉಜ್ಜಿ ತೊಳೀತಾರೆ. ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನೋದರ ಗುರುತು. ಆ ಮಗುವಿಗೆ ರಕ್ತದೊತ್ತಡ, ಸಕ್ಕರೆ, ಯಕೃತ್ತಿನ ಸ್ಥಿತಿ ತಿಳಿಸುವ ಎಎಲ್‌ಟಿ ಎಂಬ ರಕ್ತಪರೀಕ್ಷೆ, ಕೊಲೆಸ್ಟ್ರಾಲ್ ನೋಡಬೇಕು. ರಾತ್ರಿ ಗೊರಕೆ ಹೊಡೆದು ಹಗಲು ತೂಕಡಿಸುವ ಮಗುವನ್ನೂ ಬಿಡಬೇಡಿ.

ಉತ್ತರ 2: ಪಥ್ಯ_ಮೈಸೂರು

ಡಾಕ್ಟರ್ ಹೇಳಿದ್ದರ ಮುಂದಕ್ಕೆ ಊಟದ ಲೆಕ್ಕ. ಸಭೆಯಲ್ಲಿ "ಜಂಕ್ ಫುಡ್ ಬೇಡ" ಅಂದರೆ ಎಲ್ಲರೂ ತಲೆಯಾಡಿಸಿ ಮನೆಗೆ ಹೋಗ್ತಾರೆ, ಏನೂ ಬದಲಾಗಲ್ಲ. ಯಾಕೆಂದರೆ ಪಾಲಕರು ಜಂಕ್ ಅಂತ ಎಣಿಸದ ವಸ್ತುಗಳಲ್ಲೇ ಹೆಚ್ಚು ಸಕ್ಕರೆ ಇರೋದು.

ಮೊದಲು ಮಿತಿ. 2 ವರ್ಷದೊಳಗಿನ ಮಗುವಿಗೆ ಸೇರಿಸಿದ ಸಕ್ಕರೆ ಬೇಡವೇ ಬೇಡ. 2ರಿಂದ 18ರವರೆಗೆ ದಿನಕ್ಕೆ 25 ಗ್ರಾಂ ಒಳಗೆ, ಅಂದರೆ 5 ಚಮಚ. ಬೆಲ್ಲ, ಜೇನುತುಪ್ಪ, ಮನೆಯಲ್ಲೇ ಹಿಂಡಿದ ಹಣ್ಣಿನ ರಸ ಎಲ್ಲವೂ ಇದೇ ಲೆಕ್ಕಕ್ಕೆ ಸೇರುತ್ತೆ. ಬೆಲ್ಲ ಹಾಕಿದ ರಾಗಿ ಮಾಲ್ಟ್ ಎಷ್ಟು ಬೇಕಾದರೂ ಕೊಡಬಹುದು ಅನ್ನೋದು ತಪ್ಪು ತಿಳಿವಳಿಕೆ. ಇಡೀ ಹಣ್ಣು ಈ ಲೆಕ್ಕಕ್ಕೆ ಬರೋದಿಲ್ಲ, ಧಾರಾಳವಾಗಿ ಕೊಡಿ.

ಈಗ ಒಂದು ದಿನದ ಲೆಕ್ಕ ಹಾಕಿ. ಮಾಲ್ಟ್ ಪುಡಿಯ ಡಬ್ಬಿ ಮೇಲೆ 100 ಗ್ರಾಂಗೆ ಸೇರಿಸಿದ ಸಕ್ಕರೆ 32 ಗ್ರಾಂ ಅಂತಿದ್ದರೆ, 20 ಗ್ರಾಂ ಪುಡಿಯಲ್ಲಿ 6.4 ಗ್ರಾಂ. ಅದರ ಮೇಲೆ ಅಮ್ಮ 2 ಚಮಚ ಸಕ್ಕರೆ ಹಾಕ್ತಾರೆ, 10 ಗ್ರಾಂ. ಬೆಳಿಗ್ಗೆ ಸಂಜೆ ಎರಡು ಲೋಟಕ್ಕೆ ಸುಮಾರು 33 ಗ್ರಾಂ. ಮಗು ಇನ್ನೂ ಒಂದು ಬಿಸ್ಕತ್ತೂ ತಿಂದಿಲ್ಲ, ಮಿತಿ ಆಗಲೇ ದಾಟಿತು. ಸ್ನ್ಯಾಕ್ಸ್ ಡಬ್ಬಿಯ ಕ್ರೀಮ್ ಬಿಸ್ಕತ್ತು 100 ಗ್ರಾಂಗೆ 36 ಇದ್ದರೆ 60 ಗ್ರಾಂ ಪ್ಯಾಕಿನಲ್ಲಿ ಸುಮಾರು 22 ಗ್ರಾಂ. ಮಾವಿನ ಪಾನೀಯ 100 ಮಿ.ಲೀ.ಗೆ 13 ಇದ್ದರೆ 160 ಮಿ.ಲೀ. ಪೊಟ್ಟಣದಲ್ಲಿ ಸುಮಾರು 21. ಒಟ್ಟು 76 ಗ್ರಾಂ, ಅಂದರೆ ಮಿತಿಯ ಮೂರು ಪಟ್ಟು. ಈ ಮಗು ಕೋಲಾ ಕುಡಿದೇ ಇಲ್ಲ, ಪಿಜ್ಜಾ ಮುಟ್ಟೇ ಇಲ್ಲ ಅನ್ನೋದು ಗಮನಿಸಿ. "ಹೆಲ್ತ್ ಡ್ರಿಂಕ್" ಎಂಬ ವರ್ಗವೇ ನಮ್ಮ ಆಹಾರ ಕಾನೂನಿನಲ್ಲಿ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥ ಪುಡಿಗಳನ್ನು ಆ ಹೆಸರಿನ ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು. ಮನೆಗಳಲ್ಲಿ ಮಾತ್ರ ಆ ಹೆಸರು ಹಾಗೇ ಉಳಿದಿದೆ.

ಲೇಬಲ್ ಓದುವಾಗ ಒಂದು ಸಂಗತಿ ಎಲ್ಲರಿಗೂ ಹೇಳಿ. ಪ್ಯಾಕಿನ ಮೇಲೆ ದಿನದ ಅಗತ್ಯದ ಶೇಕಡಾ ಎಷ್ಟು ಅಂತ ಬರೆದಿರುತ್ತಾರಲ್ಲ, ಅದು 2000 ಕ್ಯಾಲೊರಿ ತಿನ್ನುವ ದೊಡ್ಡವರಿಗೆ, ಸೇರಿಸಿದ ಸಕ್ಕರೆ 50 ಗ್ರಾಂ ಎಂದು ಹಿಡಿದು ಹಾಕಿದ ಲೆಕ್ಕ. ಪ್ಯಾಕಿನಲ್ಲಿ 43% ಅಂತ ಕಂಡರೆ ಮಗುವಿಗೆ ಅದು 86%. ಅದೂ "ಒಂದು ಸರ್ವಿಂಗ್"ಗೆ, ಅಂದರೆ ಒಂದು ಸಲಕ್ಕೆ ಇಷ್ಟು ಅಂತ ಕಂಪನಿ ಬರೆದಿರುವ ಪ್ರಮಾಣಕ್ಕೆ. ಪ್ಯಾಕಿನಲ್ಲಿ ಎರಡು ಸರ್ವಿಂಗ್ ಇದ್ದು ಮಗು ಪೂರ್ತಿ ತಿಂದರೆ ಮತ್ತೆ ಎರಡರಿಂದ ಗುಣಿಸಬೇಕು. ಹಾಗಾಗಿ ಶೇಕಡಾ ಬಿಟ್ಟು 100 ಗ್ರಾಂನ ಕಾಲಂ ನೋಡಿ, ಪ್ಯಾಕಿನ ತೂಕದಿಂದ ಗುಣಿಸಿ. ಪದಾರ್ಥಗಳ ಪಟ್ಟಿ ಪ್ರಮಾಣದ ಇಳಿಕೆ ಕ್ರಮದಲ್ಲಿ ಇರುತ್ತೆ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್ ಇದ್ದರೆ ಅವೂ ಸಕ್ಕರೆಯೇ.

ಎಣ್ಣೆ ಲೆಕ್ಕ ಇನ್ನೂ ಸುಲಭ. ನಾಲ್ಕು ಜನರ ಮನೆಗೆ ತಿಂಗಳಿಗೆ 2 ಲೀಟರ್ ಸಾಕು. ಅದೇ ಮನೆಯಲ್ಲಿ 5 ಲೀಟರ್ ಕ್ಯಾನ್ ತಿಂಗಳಲ್ಲಿ ಖಾಲಿಯಾದರೆ ತಲೆಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಹೆಚ್ಚುವರಿ ಹೋಗ್ತಿದೆ ಅಂತ ಅರ್ಥ. ಒಗ್ಗರಣೆ ಕಡಿಮೆ ಮಾಡಿ ಅಂತ ಹೇಳೋದಕ್ಕಿಂತ, ತಿಂಗಳ ಮೊದಲ ದಿನ 2 ಲೀಟರ್ ಅಳೆದು ಬೇರೆ ಇಡಿ, ಅಷ್ಟರಲ್ಲೇ ಅಡುಗೆ ಮುಗಿಸಿ ಅನ್ನಿ. ಕರಿದದ್ದು ತಾನಾಗಿ ಕಡಿಮೆಯಾಗುತ್ತೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನು 2024ರ ಮಾರ್ಚ್‌ನಲ್ಲಿ ಕರ್ನಾಟಕ ನಿಷೇಧಿಸಿದಾಗ ಬಹಳ ಜನ ಈಗ ತಿನ್ನಬಹುದು ಅಂದುಕೊಂಡರು. ಬಣ್ಣ ಹೋಗಿದೆ, ಎಣ್ಣೆ ಮತ್ತು ಕಾರ್ನ್‌ಫ್ಲೋರ್ ಹಾಗೇ ಇವೆ.

ಡಬ್ಬಿಗೆ ಏನು ಅಂತ ಕೇಳ್ತಾರೆ. ಹೆಸರುಕಾಳು, ಅಲಸಂದೆ ಅಥವಾ ಕಡಲೆಯ ಉಸಲಿ ಒಂದು ಸಣ್ಣ ಬಟ್ಟಲು, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ಅಥವಾ ಹುರಿಗಡಲೆ, ಬೇಯಿಸಿದ ಮೊಟ್ಟೆ, ಸೌತೆಕಾಯಿ, ಕ್ಯಾರೆಟ್ಟಿನ ಜೊತೆ ಅರ್ಧ ರೊಟ್ಟಿ, ಸೀಬೆ ಅಥವಾ ಬಾಳೆಹಣ್ಣು. ಉಸಲಿ ಹಳಸುತ್ತೆ ಅನ್ನೋ ದೂರು ಬರುತ್ತೆ. ತೆಂಗಿನತುರಿ ಹಾಕಬೇಡಿ, ಪೂರ್ತಿ ಆರಿಸಿ ಮುಚ್ಚಳ ಹಾಕಿ, ಬಿಸಿ ಇರುವಾಗಲೇ ಮುಚ್ಚಿದರೆ ನೀರಾಡಿ 11 ಗಂಟೆಗೆ ವಾಸನೆ ಬರುತ್ತೆ.

ಹೊಣೆ ಬಗ್ಗೆ ನನ್ನ ಮಾತು ಇಷ್ಟು: ಏನು ಕೊಡಬೇಕು, ಯಾವಾಗ, ಎಲ್ಲಿ ಕೂತು ತಿನ್ನಬೇಕು ಅನ್ನೋದು ದೊಡ್ಡವರ ಕೆಲಸ. ಎಷ್ಟು ತಿನ್ನಬೇಕು ಅನ್ನೋದು ಮಗುವಿನ ಹೊಟ್ಟೆಗೆ ಬಿಡಬೇಕು. ನಮ್ಮಲ್ಲಿ ಇದು ತಿರುವುಮುರುವಾಗಿದೆ. ಏನು ಬೇಕು ಅಂತ ಮಗು ಹೇಳುತ್ತೆ, ತಟ್ಟೆ ಖಾಲಿ ಮಾಡೋವರೆಗೆ ದೊಡ್ಡವರು ಬಿಡಲ್ಲ.

ಉತ್ತರ 3: ನೇರ_ಮಾತು

ಇಷ್ಟೆಲ್ಲಾ ಬೇಕಾ? ದುಡ್ಡು ಕೊಡೋರು ಅಪ್ಪ ಅಮ್ಮ. ಕೊಡಿಸಬೇಡಿ, ಮುಗೀತು. ಇದು ಉಳ್ಳವರ ಮನೆಯ ಕಾಯಿಲೆ, ಬಡವರ ಮಕ್ಕಳಿಗೆ ಇದಿಲ್ಲ.

ಉತ್ತರ 4: ಆಹಾರ_ಕಾನೂನು

ನೇರ_ಮಾತು ಅವರೇ, ಎರಡೂ ಮಾತು ಒಪ್ಪೋದು ಕಷ್ಟ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 5 ವರ್ಷದೊಳಗಿನ ಅಧಿಕ ತೂಕದ ಮಕ್ಕಳು 2015–16ರಲ್ಲಿ 2.1% ಇದ್ದದ್ದು 2019–21ಕ್ಕೆ 3.4% ಆಯಿತು. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ 35.4% ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಎರಡೂ ಒಂದೇ ಊರಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಇವೆ. 2022ರಲ್ಲಿ ಭಾರತದಲ್ಲಿ 5ರಿಂದ 19 ವರ್ಷದ ಸುಮಾರು 1.25 ಕೋಟಿ ಮಕ್ಕಳಿಗೆ ಬೊಜ್ಜು ಇತ್ತು ಎಂಬ ಅಂದಾಜು 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 1990ರಲ್ಲಿ ಈ ಸಂಖ್ಯೆ ಸುಮಾರು 4 ಲಕ್ಷ. ಇಷ್ಟು ಕೋಟಿ ಅಪ್ಪ ಅಮ್ಮಂದಿರು ಒಂದೇ ಕಾಲದಲ್ಲಿ ಒಟ್ಟಿಗೆ ಬೇಜವಾಬ್ದಾರಿ ಆಗೋಕೆ ಸಾಧ್ಯವಿಲ್ಲ. 5 ರೂಪಾಯಿಯ ಪೊಟ್ಟಣ ಹಳ್ಳಿಯ ಗೂಡಂಗಡಿಯಲ್ಲೂ ಸರದಂತೆ ನೇತಾಡುತ್ತೆ. ಅದೇ 5 ರೂಪಾಯಿಗೆ ಒಂದು ಮೊಟ್ಟೆ ಸಿಗೋದು ಕಷ್ಟ. ಎರಡು ಪಾಳಿ ದುಡಿಯುವ ತಾಯಿಗೆ ಯಾವುದು ಸುಲಭ ಅನ್ನೋದನ್ನು ಅವಳ ತಪ್ಪು ಅಂತ ಬರೆಯಬಾರದು.

ಕಾನೂನು ಏನು ಹೇಳುತ್ತೆ ಅಂತ ಸಮಿತಿಯವರಿಗೆ ತಿಳಿದಿರಲಿ. ಶಾಲಾ ಮಕ್ಕಳ ಸುರಕ್ಷಿತ ಮತ್ತು ಸಮತೋಲಿತ ಆಹಾರದ ಬಗ್ಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2020ರಲ್ಲಿ ನಿಯಮಾವಳಿ ಹೊರಡಿಸಿದೆ, 2021ರ ಜುಲೈ 1ರಿಂದ ಜಾರಿಯಲ್ಲಿದೆ. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ಆಹಾರವನ್ನು ಶಾಲಾ ಕ್ಯಾಂಟೀನು, ಹಾಸ್ಟೆಲ್ ಅಡುಗೆಮನೆಯಲ್ಲಿ ಮಾರುವಂತಿಲ್ಲ. ಶಾಲಾ ಗೇಟಿನಿಂದ 50 ಮೀಟರ್ ಒಳಗೂ ಮಕ್ಕಳಿಗೆ ಮಾರುವಂತಿಲ್ಲ. ಅಲ್ಲಿ ಅಂಥ ಆಹಾರದ ಜಾಹೀರಾತೂ ಇಲ್ಲ, ಪುಕ್ಕಟೆ ಹಂಚುವುದೂ ಇಲ್ಲ. ಶಾಲೆ ತಾನೇ ಊಟ ತಿಂಡಿ ಮಾರಿದರೆ ಅದಕ್ಕೆ ಆಹಾರ ವ್ಯಾಪಾರದ ನೋಂದಣಿ ಅಥವಾ ಪರವಾನಗಿ ಬೇಕು. ಹೊರಗಿನ ಗುತ್ತಿಗೆದಾರ ನಡೆಸಿದರೂ ಅವನಿಗೆ ಇರಬೇಕು. ತಂಬಾಕು ಮಾರಾಟಕ್ಕೆ ಇಂಥದೇ ದೂರದ ನಿಯಮ ಇರೋದು ಎಲ್ಲರಿಗೂ ಗೊತ್ತು, ಗೇಟಿನ ಪಕ್ಕ ಫಲಕ ಇರುತ್ತೆ. 50 ಮೀಟರ್ ನಿಯಮ ಇದೆ ಅನ್ನೋದೇ ಮುಖ್ಯೋಪಾಧ್ಯಾಯರಿಗೆ ಎಷ್ಟೋ ಕಡೆ ಗೊತ್ತಿಲ್ಲ.

ಕೆಲಸಕ್ಕೆ ಬರೋ ಕ್ರಮ ಹೀಗೆ. 50 ಮೀಟರ್ ಟೇಪು ಹಿಡಿದು ಗೇಟಿನಿಂದ ಅಳೆದು ಒಳಗೆ ಬರುವ ಅಂಗಡಿಗಳ ಪಟ್ಟಿ ಮಾಡಿ. ಮೊದಲು ಅಂಗಡಿಯವರ ಜೊತೆ ಮಾತಾಡಿ. ಅವರ ಹೊಟ್ಟೆಪಾಡು ಅದರಲ್ಲೇ ಇದೆ, ಪೊಲೀಸರ ಹಾಗೆ ಹೋಗಬೇಡಿ. ಬಾಳೆಹಣ್ಣು, ಕಡಲೆಕಾಯಿ, ಮಜ್ಜಿಗೆ, ಎಣ್ಣೆ ಕಡಿಮೆ ಹಾಕಿದ ಚುರುಮುರಿ ಇಟ್ಟರೆ ಶಾಲೆಯವರೇ ಕೊಳ್ಳುವ ಭರವಸೆ ಕೊಡಿ. ಶಾಲೆ ಬಿಡುವ ಅರ್ಧ ಗಂಟೆ ಚಿಪ್ಸಿನ ಸರಗಳನ್ನು ಒಳಗೆ ಇಡುವಂತೆ ಕೇಳಿ. ಇಷ್ಟಕ್ಕೂ ಜಗ್ಗದಿದ್ದರೆ ಶಾಲೆಯ ಲೆಟರ್‌ಹೆಡ್ಡಿನಲ್ಲಿ, ನಕ್ಷೆ ಮತ್ತು ಫೋಟೋ ಲಗತ್ತಿಸಿ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಎಫ್‌ಎಸ್‌ಎಸ್‌ಎಐನ ಉಚಿತ ಸಹಾಯವಾಣಿ 1800112100ಕ್ಕೂ ದೂರು ಹೇಳಬಹುದು. ವಿಫಲವಾಗೋದು ಎಲ್ಲಿ ಅಂದರೆ, ಅರ್ಜಿಯಲ್ಲಿ "ಜಂಕ್ ಫುಡ್ ಮಾರುತ್ತಾರೆ" ಅಂತ ಬರೆದು ಬಿಡ್ತಾರೆ. ಅಂಗಡಿ, ದೂರ, ವಸ್ತು, ನಿಯಮ ನಾಲ್ಕೂ ಇಲ್ಲದ ಅರ್ಜಿ ಫೈಲಿನಲ್ಲೇ ಉಳಿಯುತ್ತೆ.

ಸರ್ಕಾರದ ಹೊಣೆಯನ್ನೂ ಹೇಳಲೇಬೇಕು, ಅದು ಸಣ್ಣದಲ್ಲ. 2025ರ ಸೆಪ್ಟೆಂಬರ್ 22ರಿಂದ ಗ್ಯಾಸ್ ತುಂಬಿದ ತಂಪು ಪಾನೀಯಕ್ಕೆ 40% ಜಿಎಸ್‌ಟಿ. ಸಕ್ಕರೆ ಇದ್ದರೂ ಅಷ್ಟೇ, ಸಕ್ಕರೆ ಇಲ್ಲದ್ದಕ್ಕೂ ಅಷ್ಟೇ. ಅದೇ ದಿನದಿಂದ ಬಿಸ್ಕತ್ತು, ಚಾಕೊಲೇಟು, ಕುರುಕಲು ತಿಂಡಿ, ನೂಡಲ್ಸ್, ಗ್ಯಾಸ್ ಇಲ್ಲದ ಹಣ್ಣಿನ ರಸದ ಪಾನೀಯಕ್ಕೆ ತೆರಿಗೆ 5%ಕ್ಕೆ ಇಳಿಯಿತು. ಅಂದರೆ ತೆರಿಗೆ ಗ್ಯಾಸಿನ ಮೇಲಿದೆ, ಸಕ್ಕರೆಯ ಮೇಲಿಲ್ಲ. ಬ್ರಿಟನ್ನಿನಲ್ಲಿ 2018ರ ಏಪ್ರಿಲ್‌ನಿಂದ 100 ಮಿ.ಲೀ.ಗೆ 5 ಗ್ರಾಂ, 8 ಗ್ರಾಂ ಎಂದು ಸಕ್ಕರೆಯ ಮಟ್ಟ ನೋಡಿ ತೆರಿಗೆ ಹಾಕಿದರು. ಕಂಪನಿಗಳು ತೆರಿಗೆ ಬರುವ ಮೊದಲೇ ಸಕ್ಕರೆ ಕಡಿಮೆ ಮಾಡಿದವು. ಚಿಲಿ ದೇಶ 2016ರಲ್ಲಿ ಪ್ಯಾಕಿನ ಮುಂಭಾಗದಲ್ಲೇ ಕಪ್ಪು ಎಂಟುಮೂಲೆಯ ಎಚ್ಚರಿಕೆ ಚಿಹ್ನೆ ಕಡ್ಡಾಯ ಮಾಡಿ, ಅಂಥ ಪ್ಯಾಕುಗಳಿಂದ ಮಕ್ಕಳನ್ನು ಸೆಳೆಯುವ ಕಾರ್ಟೂನುಗಳನ್ನು ತೆಗೆಸಿತು. ನಮ್ಮಲ್ಲಿ 2022ರಲ್ಲಿ ಬಂದ ಕರಡು ನಕ್ಷತ್ರ ಕೊಡುವ ಪದ್ಧತಿಯದ್ದು. ಸಕ್ಕರೆ ತುಂಬಿದ ಪ್ಯಾಕಿಗೂ ಒಂದೆರಡು ನಕ್ಷತ್ರ ಸಿಗುವ ಪದ್ಧತಿ ಎಚ್ಚರಿಕೆ ಆಗೋದಿಲ್ಲ, ಶಿಫಾರಸಿನ ಹಾಗೆ ಕಾಣುತ್ತೆ. ನನ್ನ ಪ್ರಕಾರ ಹೊಣೆಯನ್ನು ಅಳೆಯಬೇಕಾದ್ದು ಬದಲಾಯಿಸುವ ಅಧಿಕಾರ ಯಾರ ಕೈಲಿದೆ ಎಂಬುದರಿಂದ. ಲೇಬಲ್ಲು, ತೆರಿಗೆ, ಜಾಹೀರಾತು ಯಾವ ತಾಯಿಯ ಕೈಯಲ್ಲೂ ಇಲ್ಲ.

ಉತ್ತರ 5: ಪಿಟಿ_ಧಾರವಾಡ

ಆಟದ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೀತೀನ್ರಿ. ಮೊದಲಿಗೆ ಒಂದು ಭ್ರಮೆ ತೆಗೀಬೇಕು. 30 ಕೆ.ಜಿ. ಹುಡುಗ ಅರ್ಧ ತಾಸು ಓಡಿದರ ಖರ್ಚಾಗೋದು ಸುಮಾರು 120ರಿಂದ 150 ಕ್ಯಾಲೊರಿ. 30 ಗ್ರಾಂ ಚಿಪ್ಸಿನ ಪ್ಯಾಕೆಟ್ಟಿನಾಗ 160 ಇರ್ತದ. ತಿನ್ನೋದು ಹಾಂಗೇ ಇಟ್ಟು ಆಟದಿಂದ ಬೊಜ್ಜು ಇಳಿಸ್ತೀವಿ ಅನ್ನೋದು ಆಗದ ಮಾತು. ಆಟ ಬೇಕಾಗಿರೋದು ಸ್ನಾಯು, ಎಲುಬು, ನಿದ್ದಿ, ಇನ್ಸುಲಿನ್ ಕೆಲಸಕ್ಕ. ಇಳಿದ ತೂಕ ಮತ್ತ ಏರದಂಗ ಹಿಡಿಯೋದೂ ಅದೇ.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕ 60 ನಿಮಿಷ ಮೈ ಬೆವರೋ ಚಟುವಟಿಕೆ ಬೇಕು. ಈಗ ವಾರಕ್ಕ ಎರಡು ಪೀರಿಯಡ್, 40 ನಿಮಿಷದ್ದು. ಸಾಲು ಹಚ್ಚೋದು, ಹಾಜರಿ, ಮೈದಾನಕ್ಕ ಹೋಗಿ ಬರೋದು ತೆಗೆದರ 25 ನಿಮಿಷ ಉಳೀತದ. 45 ಮಕ್ಕಳಿಗೆ ಒಂದೇ ಚೆಂಡು ಕೊಟ್ಟರ ಬಹಳ ಮಂದಿ ನಿಂತೇ ನೋಡ್ತಾರ. ಖೋ ಖೋ ಒಳ್ಳೆ ಆಟ ಖರೆ, ಆದರ 8 ಮಂದಿ ಕೂತಿರ್ತಾರ, ಒಬ್ಬ ಬೆನ್ನಟ್ಟತಾನ, 3 ಮಂದಿ ತಪ್ಪಿಸ್ಕೋತಾರ. ಔಟಾದವರು ಹೊರಗ ಕೂಡೋ ಆಟದಾಗ ಮೊದಲು ಔಟಾಗಿ ಹೆಚ್ಚು ಹೊತ್ತು ಕೂಡೋನು ದಪ್ಪ ಹುಡುಗನೇ. ಯಾರಿಗೆ ಓಟ ಬೇಕೋ ಅವನೇ ಕೂತಿರ್ತಾನ.

ಬದಲು ಹಿಂಗ ಮಾಡ್ರಿ. 45 ಮಕ್ಕಳನ್ನ 5 ಗುಂಪು ಮಾಡಿ, ಮೈದಾನದಾಗ 5 ಜಾಗ ಗುರುತು ಹಾಕ್ರಿ: ಹಗ್ಗ ಜಿಗಿತ, ಕುಂಟೆಬಿಲ್ಲೆ, ಚೆಂಡು ಎಸೆದು ಹಿಡಿಯೋದು, ಲಗೋರಿ, ಮುಟ್ಟಾಟ. 4–5 ನಿಮಿಷಕ್ಕೊಮ್ಮೆ ಸೀಟಿ ಊದಿ ಜಾಗ ಬದಲಿಸ್ರಿ. ಔಟಾದವನು 10 ಸಲ ಜಿಗಿದು ಮತ್ತ ಒಳಗ ಬರಲಿ. ಹಗ್ಗಕ್ಕ ಬಹಳ ಖರ್ಚಿಲ್ಲ, ಹಳೆ ಟೆನಿಸ್ ಚೆಂಡು ಸಾಕು. ಉಳಿದ ದಿನಕ್ಕ ಪ್ರಾರ್ಥನೆ ಮುಗಿದ ಮ್ಯಾಲ 10 ನಿಮಿಷ, ಊಟದ ಬಿಡುವಿನಾಗ 15 ನಿಮಿಷ ಮೈದಾನ ತೆರೆದಿಡ್ರಿ. ಆಟದ ಪೀರಿಯಡ್ ಬ್ಯಾರೆ ವಿಷಯಕ್ಕ ಕೊಡಬಾರದು ಅಂತ ವೇಳಾಪಟ್ಟಿಯಾಗ ಬರೆದು ಪಾಲಕರ ಸಭೆಯೊಳಗ ಸಹಿ ಹಾಕಿಸ್ರಿ.

ಶಿಕ್ಷೆ ಅಂತ ಮೈದಾನ ಸುತ್ತು ಹಾಕಿಸೋದು ನಿಲ್ಲಬೇಕು. ಓಟ ಅಂದರ ಶಿಕ್ಷೆ ಅಂತ ಮನಸಿನಾಗ ಕೂತರ ಆ ಮಗು ಜನ್ಮಪೂರ್ತಿ ಓಡಂಗಿಲ್ಲ. ಇನ್ನೊಂದು, 10 ದಾಟಿದ ದಪ್ಪ ಮಗು ತೊಡೆಸಂದಿನಾಗ ಅಥವಾ ಮೊಣಕಾಲಿನಾಗ ನೋವು ಅಂತ ಕುಂಟಿದರ "ನಾಟಕ" ಅನಬ್ಯಾಡ್ರಿ. ತೊಡೆಎಲುಬಿನ ತಲೆ ಜಾರಿರಬಹುದು. ಆಟ ಅಲ್ಲೇ ನಿಲ್ಲಿಸಿ, ನಡೆಸದಂಗ ಅದೇ ದಿನ ಎಲುಬಿನ ಡಾಕ್ಟರ್ ಹತ್ರ ಕಳಸ್ರಿ, ಸೊಂಟದ ಎಕ್ಸ್‌ರೇ ಬೇಕು.

ಪಾಲಕರ_ಸಮಿತಿ_ದಾವಣಗೆರೆ

ಎಲ್ಲರಿಗೂ ಧನ್ಯವಾದ. ಇನ್ನೆರಡು ಪ್ರಶ್ನೆ. ಬೊಜ್ಜು ಇರೋ ಮಗುವಿನ ತೂಕ ತಿಂಗಳಿಗೆ ಎಷ್ಟು ಇಳಿಸಬೇಕು ಅಂತ ಪಾಲಕರು ಕೇಳ್ತಾರೆ. ಮತ್ತೆ ತಪಾಸಣೆಯ ಫಲಿತಾಂಶವನ್ನು ಮನೆಗೆ ಹೇಗೆ ತಿಳಿಸಬೇಕು? ಪಟ್ಟಿಯನ್ನು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕೋಣ ಅಂತ ಒಂದು ಸಲಹೆ ಬಂದಿದೆ.

ಪಥ್ಯ_ಮೈಸೂರು

ದಯವಿಟ್ಟು ವಾಟ್ಸಾಪ್‌ಗೆ ಹಾಕಬೇಡಿ. ಮರುದಿನದಿಂದಲೇ ಆ ಮಕ್ಕಳಿಗೆ "ಡುಮ್ಮ", "ಆನೆಮರಿ" ಅಂತ ಹೆಸರು ಬೀಳುತ್ತೆ. ಅವಮಾನ ಆದ ಮಗು ಕದ್ದು ತಿನ್ನುತ್ತೆ, ಮೈದಾನಕ್ಕೆ ಬರೋದು ಬಿಡುತ್ತೆ. ಎರಡೂ ತೂಕ ಏರಿಸುವ ದಾರಿಗಳೇ.

ಮಕ್ಕಳ_ತಜ್ಞ

ಹೆಚ್ಚಿನ ಮಕ್ಕಳಿಗೆ ತೂಕ ಇಳಿಸುವ ಗುರಿಯೇ ಬೇಡ, ಏರದಂತೆ ನಿಲ್ಲಿಸಿದರೆ ಸಾಕು. ಎತ್ತರ ಬೆಳೆದು ಕೆಲಸ ಮಾಡಿಕೊಡುತ್ತೆ. ಮೇಲೆ ಹೇಳಿದ 9 ವರ್ಷದ ಹುಡುಗನನ್ನೇ ತಗೊಳ್ಳಿ: 40 ಕೆ.ಜಿ., 132 ಸೆಂ.ಮೀ., ಬಿಎಂಐ 23. ವರ್ಷಕ್ಕೆ 6 ಸೆಂ.ಮೀ. ಬೆಳೆದು ತೂಕ 40ರಲ್ಲೇ ನಿಂತರೆ 10ನೇ ವರ್ಷಕ್ಕೆ 138 ಸೆಂ.ಮೀ., ಬಿಎಂಐ 21.0. ವಿಶ್ವ ಆರೋಗ್ಯ ಸಂಸ್ಥೆಯ ಪಟದಲ್ಲಿ ಆ ವಯಸ್ಸಿನ ಬೊಜ್ಜಿನ ಗೆರೆ ಸುಮಾರು 21.4, ಅದರ ಕೆಳಗೆ ಬಂದ. 11ನೇ ವರ್ಷಕ್ಕೆ 144 ಸೆಂ.ಮೀ., 19.3. ಅಧಿಕ ತೂಕದ ಗೆರೆಯ ಹತ್ತಿರ ಬಂದ. ಒಂದು ಕಿಲೋ ಕೂಡ ಇಳಿಸದೆ. ಎರಡು ವರ್ಷದಲ್ಲಿ 2–3 ಕೆ.ಜಿ. ಏರಿದರೂ ಮೊದಲಿಗಿಂತ ಒಳ್ಳೆಯ ಸ್ಥಿತಿಯೇ. ಊಟ ಬಿಡಿಸೋದು, ಅನ್ನ ಪೂರ್ತಿ ನಿಲ್ಲಿಸೋದು, ಪುಡಿ ಕಲಸಿ ಕುಡಿಸುವ ಡಯಟ್ಟು ಮಕ್ಕಳಿಗೆ ಬೇಡ, ಎತ್ತರ ಕುಂಠಿತವಾಗುತ್ತೆ. ಬೆಳವಣಿಗೆ ಮುಗಿಯುತ್ತಾ ಬಂದ ಹದಿಹರೆಯದವರಿಗೆ, ಅಥವಾ ಸಕ್ಕರೆ, ರಕ್ತದೊತ್ತಡ, ಯಕೃತ್ತಿನ ತೊಂದರೆ ಕಾಣಿಸಿಕೊಂಡವರಿಗೆ ಮಾತ್ರ ತೂಕ ಇಳಿಸುವ ಯೋಜನೆ ವೈದ್ಯರೇ ಹಾಕಬೇಕು.

ನಿದ್ದೆಯನ್ನೂ ಪಟ್ಟಿಗೆ ಸೇರಿಸಿ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆಗಳಷ್ಟು ನಿದ್ದೆ ಬೇಕು. ಟ್ಯೂಷನ್, ಹೋಮ್‌ವರ್ಕ್, ಮೊಬೈಲ್ ಮುಗಿಸಿ 11ಕ್ಕೆ ಮಲಗಿ 6ಕ್ಕೆ ಏಳುವ ಮಗುವಿಗೆ 7 ಗಂಟೆಯೇ ಸಿಗೋದು. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚುತ್ತೆ, ಸಿಹಿಯ ಕಡೆ ಮನಸ್ಸು ಹೋಗುತ್ತೆ. ಹೋಮ್‌ವರ್ಕ್ ಎಷ್ಟು ಕೊಡಬೇಕು ಅನ್ನೋದು ಶಾಲೆಯ ಕೈಲೇ ಇದೆ.

ತಿಳಿಸುವ ಕ್ರಮ: ಪ್ರತಿಯೊಂದು ಮಗುವಿನ ಫಲಿತಾಂಶವೂ, ಸರಿ ಇರೋರದ್ದೂ ತೆಳ್ಳಗಿರೋರದ್ದೂ, ಒಂದೇ ನಮೂನೆಯ ಮುಚ್ಚಿದ ಲಕೋಟೆಯಲ್ಲಿ ಪಾಲಕರ ಕೈಗೇ ಹೋಗಲಿ. ಮಗುವಿನ ಬ್ಯಾಗಿನಲ್ಲಿ ಕಳಿಸಬೇಡಿ. ಮುಂದಿನ ಸಾರಿ ಅಳೆಯುವಾಗ ಪರದೆಯ ಹಿಂದೆ ಒಬ್ಬೊಬ್ಬರನ್ನೇ ಅಳೆದು, ಸಂಖ್ಯೆಯನ್ನು ಗಟ್ಟಿಯಾಗಿ ಕೂಗದೆ ಬರೆದುಕೊಳ್ಳಿ. ಗೆರೆ ದಾಟಿದ ಮಗುವಿನ ಪತ್ರದ ಒಕ್ಕಣೆ ಹೀಗಿರಬಹುದು:

"ನಿಮ್ಮ ಮಗುವಿನ ಎತ್ತರ ಇಷ್ಟು, ತೂಕ ಇಷ್ಟು, ಬಿಎಂಐ ಇಷ್ಟು. ವಯಸ್ಸಿಗೆ ತಕ್ಕ ಗೆರೆಗಿಂತ ಇದು ಮೇಲಿದೆ. ದಯವಿಟ್ಟು 4 ವಾರದೊಳಗೆ ಮಕ್ಕಳ ವೈದ್ಯರಿಗೆ ಈ ಹಾಳೆ ತೋರಿಸಿ. ಅಲ್ಲಿಯವರೆಗೆ ಸಿಹಿ ಪಾನೀಯದ ಬದಲು ನೀರು ಅಥವಾ ಮಜ್ಜಿಗೆ ಕೊಡಿ, ಊಟದ ಹೊತ್ತಿಗೆ ಟಿ.ವಿ., ಮೊಬೈಲ್ ಬೇಡ. ಮಗುವಿನ ಎದುರು ತೂಕದ ಮಾತು ಆಡಬೇಡಿ, ಬದಲಾವಣೆ ಮನೆಯವರೆಲ್ಲರಿಗೂ ಇರಲಿ. ಶಾಲೆ ತನ್ನ ಕಡೆಯಿಂದ ಕ್ಯಾಂಟೀನಿನ ತಿಂಡಿ ಮತ್ತು ಆಟದ ಪೀರಿಯಡ್ಡಿನಲ್ಲಿ ಈ ಕೆಳಗಿನ ಬದಲಾವಣೆ ಮಾಡುತ್ತಿದೆ. 6 ತಿಂಗಳ ನಂತರ ಮತ್ತೆ ಅಳೆಯುತ್ತೇವೆ."

ಕೊನೆಯಿಂದ ಎರಡನೆಯ ಸಾಲಿನ ಕೆಳಗೆ ಶಾಲೆ ಬರೆಯಲು ಏನೂ ಇಲ್ಲದಿದ್ದರೆ ಪತ್ರ ಕಳಿಸೋದನ್ನು ಸ್ವಲ್ಪ ತಡೆಯಿರಿ, ಮೊದಲು ಅದನ್ನು ತುಂಬಿಸಿ.